ಇಂಜಿನ್ ಬಿಚ್ಚೋ ಮುಂಚೆ ಕಿವಿ ಬಿಚ್ಚಿ ಸ್ವಾಮಿ

ಹಳೇ ಟರ್ಬೋ ಗಾಡಿ ಸಾಕ್ತಾ ಇರೋ ಮಿತ್ರರೇ, ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವುದಾದರೂ ಗ್ಯಾರೇಜಿಗೆ ಹೋಗಿ "ಇಂಜಿನ್ ಸದ್ದು ಮಾಡ್ತೈತೆ, ಮಿಸ್ಸಿಂಗೂ ಐತೆ" ಅಂತ ಹೇಳಿ ನೋಡಿ. ಬಾನೆಟ್ ಪೂರ್ತಿ ಎತ್ತೋದರೊಳಗೆ ತೀರ್ಪು ಬಂದಿರತ್ತೆ... "ಬಿಚ್ಚಬೇಕು ಕಣಣ್ಣ". ಹೆಡ್ಡು, ಬೋರು, ಜೊತೆಗೊಂದು ಹೊಸ ಟರ್ಬೋ. ಹಳೇ ಗಾಡಿಗೆ ಅಷ್ಟು ದುಡ್ಡು ಯಾಕೆ ಅಂತ ಮಾಲೀಕ ಯೋಚಿಸ್ತಾನೆ, ಗಾಡಿ ಗುಜರಿಗೆ ಹೋಗತ್ತೆ. ನನ್ನ ಪ್ರಕಾರ ಹೀಗೆ ಗುಜರಿ ಸೇರಿದ ಎಷ್ಟೋ ಇಂಜಿನ್ನುಗಳಿಗೆ ಆಗಿದ್ದದ್ದು ನೆಗಡಿ, ಕೊಟ್ಟದ್ದು ಹೃದಯದ ಆಪರೇಷನ್ ಚೀಟಿ!

ನಾನು ಹೇಳ್ತಿರೋದು ಮುಖ್ಯವಾಗಿ 1998ರಲ್ಲಿ ಬಂದ ಟಾಟಾ ಸಫಾರಿಯ ಕಾಲದ ಗಾಡಿಗಳ ಬಗ್ಗೆ. 1948 ಸಿಸಿ ಟರ್ಬೋ ಡೀಸೆಲ್, ಇಂಟರ್‌ಕೂಲರ್, ಕಂಪ್ಯೂಟರ್ ಕಾಟ ಇಲ್ಲದ ಮೆಕ್ಯಾನಿಕಲ್ ಪಂಪು. ಮೈಸೂರು, ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಕಡೆ ಹುಡುಗರು ಇಂಥ ಗಾಡಿ ಕೊಂಡು ವಾರದ ಕೊನೆಗೆ ಊರ ಕೊಟ್ಟಿಗೆಯಲ್ಲಿ ರಿಪೇರಿ ಮಾಡ್ಕೊಂಡಿರ್ತಾರೆ. ಅದಕ್ಕೆ "ಪ್ರಾಜೆಕ್ಟ್ ಕಾರು" ಅಂತ ಹೆಸರು. ಮನೆಯವರು ಇಟ್ಟಿರೋ ಹೆಸರು ಇಲ್ಲಿ ಬರೆಯೋ ಹಾಗಿಲ್ಲ :-)

ಮೊದಲನೇ ತಕರಾರು: ಟರ್ಬೋ ಗಾಡಿಯನ್ನ ಗ್ಯಾರೇಜ್ ಮುಂದೆ ನಿಲ್ಲಿಸಿ ರೇಸ್ ಕೊಟ್ಟು ಕೇಳಿದರೆ ಅರ್ಧ ಕಾಯಿಲೆ ಗೊತ್ತೇ ಆಗಲ್ಲ. ಹೊರೆ ಬಿದ್ದಾಗ ಮಾತ್ರ ಟರ್ಬೋ ನಿಜವಾದ ಒತ್ತಡದಲ್ಲಿ ಗಾಳಿ ತಳ್ಳತ್ತೆ. ನಿಂತಲ್ಲಿ ಸುಮ್ಮನಿರೋ ಹರಿದ ಹೋಸ್ ಪೈಪು ಏರಿನಲ್ಲಿ ಬುಸ್ಸೆನ್ನತ್ತೆ. ವಿಶ್ವೇಶ್ವರಯ್ಯ ನಾಲೆ ಪಕ್ಕದ ಸಮತಟ್ಟು ರಸ್ತೆಯಲ್ಲಿ ಹಾಲು ಕುಡಿದ ಮಗು ಥರ ಇರೋ ಗಾಡಿ, ಜಕ್ಕನಹಳ್ಳಿಯಿಂದ ಮೇಲುಕೋಟೆ ಹತ್ತುವಾಗ ಅಳೋಕೆ ಶುರು ಮಾಡತ್ತೆ. ಆದ್ದರಿಂದ ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಸಲ ಮೇಲುಕೋಟೆ ಹತ್ತಿಸಿ. ಪುಳಿಯೋಗರೆ ನಿಮ್ಮ ಖರ್ಚು.

ನನ್ನ ಸಫಾರಿಗೆ ಆದದ್ದೂ ಇದೇ. ಬೆಳಿಗ್ಗೆ ಟಿಕ್ ಟಿಕ್ ಸದ್ದು, ಏರಿನಲ್ಲಿ ಕಪ್ಪು ಹೊಗೆ, ಪಿಕಪ್ ಇಲ್ಲ. ಒಂದು ಗ್ಯಾರೇಜಿನವರು (ಹೆಸರು ಬೇಡ ಬಿಡಿ) "ಟ್ಯಾಪೆಟ್ ಹೋಗಿದೆ, ಟರ್ಬೋನೂ ಹೋಗಿದೆ, ಇಳಿಸೋಣ" ಅಂದರು. ನಾನು ಒಪ್ಪಲಿಲ್ಲ. ಆ ಟಿಕ್ ಟಿಕ್ ಇಂಜಿನ್ ಬಿಸಿಯಾದ ಮೇಲೆ ಕಡಿಮೆ ಆಗ್ತಿತ್ತು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೆ ಹಾಗೇ ಆಗೋದು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳತ್ತೆ, ಸದ್ದು ಅಡಗತ್ತೆ. ಇಂಟರ್‌ಕೂಲರಿನ ಹೋಸು ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಹರಿದಿತ್ತು. ಗಾಳಿ ಸೋರಿಹೋಗಿ ಡೀಸೆಲ್ ಪೂರ್ತಿ ಉರೀದೆ ಕಪ್ಪು ಹೊಗೆ. ಒಂದು ಗ್ಯಾಸ್ಕೆಟ್ಟು, ಒಂದು ಹೋಸು, ಅಷ್ಟೇ. ಟರ್ಬೋ ಇವತ್ತಿಗೂ ಅದೇ ಇದೆ.

ಮಿಸ್ಸಿಂಗ್ ವಿಷಯಕ್ಕೆ ಬನ್ನಿ. ಬೆಳಿಗ್ಗೆ ಬಿಳಿ ಹೊಗೆಯ ಜೊತೆ ಮಿಸ್ಸಿಂಗ್, ಎರಡು ನಿಮಿಷಕ್ಕೆ ಸರಿಹೋಯ್ತು ಅಂದ್ರೆ ಮೊದಲು ಹೀಟರ್ ಪ್ಲಗ್ ನೋಡಿ. ರಾತ್ರಿ ನಿಂತ ಗಾಡಿ ಸ್ಟಾರ್ಟ್ ಆಗಿ ತಡವರಿಸಿದರೆ ಡೀಸೆಲ್ ಲೈನಿಗೆ ಗಾಳಿ ಸೇರ್ತಿದೆಯಾ ನೋಡಿ, ಹಳೇ ರಿಟರ್ನ್ ಪೈಪುಗಳು ಬಿರುಕು ಬಿಟ್ಟಿರ್ತವೆ. ಸದಾ ಮಿಸ್ಸಿಂಗ್ ಇದ್ದರೆ ನಮ್ಮ ಹಳೇ ಲಾರಿ ಮೇಸ್ತ್ರಿಗಳ ಉಪಾಯ ಇದೆ. ಐಡ್ಲಿಂಗಿನಲ್ಲಿ ಒಂದೊಂದೇ ನಾಜಲ್ಲಿನ ಪೈಪ್ ನಟ್ ಸ್ವಲ್ಪವೇ ಸಡಿಲ ಮಾಡೋದು. ಸರಿಯಿರೋ ಸಿಲಿಂಡರಿನದು ಸಡಿಲಿಸಿದರೆ ಇಂಜಿನ್ ಕುಂಟತ್ತೆ. ಯಾವುದನ್ನ ಸಡಿಲಿಸಿದರೂ ವ್ಯತ್ಯಾಸ ಇಲ್ಲವೋ ಆ ಸಿಲಿಂಡರೇ ಕಳ್ಳ. ಆಮೇಲೆ ಅದರ ನಾಜಲ್ಲನ್ನ ಪಕ್ಕದ ಸಿಲಿಂಡರಿಗೆ ಹಾಕಿ. ಕಾಯಿಲೆ ನಾಜಲ್ ಜೊತೆ ಹೋದರೆ ನಾಜಲ್ಲಿನದು, ಅಲ್ಲೇ ಉಳಿದರೆ ಕಂಪ್ರೆಷನ್ ಅಳೆಸಿ. ಬಿಚ್ಚೋ ಮಾತು ಆಮೇಲೆ.

ಆದರೆ ಒಂದು ಮಾತು. ಇದು ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್ನಿಗೆ ಮಾತ್ರ. ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ 1000 ಬಾರ್ ದಾಟತ್ತೆ, ಆ ಡೀಸೆಲ್ ಚರ್ಮ ತೂರಿಕೊಂಡು ಹೋಗಿಬಿಡತ್ತೆ. ಅಲ್ಲಿ ನಟ್ ಮುಟ್ಟಲೇಬೇಡಿ. ಹಳೇದರಲ್ಲೂ ಕೈ, ಮುಖ ದೂರ ಇರಲಿ.

ಪೆಟ್ರೋಲ್ ಟರ್ಬೋ ಅಂದ್ರೆ ನಮ್ಮ ದೇಶಕ್ಕೆ 2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್. ಅದರಲ್ಲಿ ಸಿಲಿಂಡರಿಗೊಂದು ಕಾಯಿಲ್. ಟರ್ಬೋ ಗಾಳಿ ತುಂಬಿದಾಗ ಸಿಲಿಂಡರಿನ ಒತ್ತಡ ಏರತ್ತೆ, ಕಿಡಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕಾಗತ್ತೆ. ಸೋತ ಕಾಯಿಲ್, ಸವೆದ ಪ್ಲಗ್ ಅಲ್ಲಿ ಸಿಕ್ಕಿಬೀಳ್ತವೆ. ಸ್ಕೋಡಾದ ಒಡೆಯರಾದ ಫೋಕ್ಸ್‌ವ್ಯಾಗನ್‌ನವರೇ ಈ ಕಾಲದ ಕಾಯಿಲ್‌ಗಳ ಸಮಸ್ಯೆ ಒಪ್ಪಿಕೊಂಡು 2003ರಲ್ಲಿ ಅಮೆರಿಕದಲ್ಲಿ ಬದಲಾಯಿಸಿ ಕೊಡಬೇಕಾಯ್ತು. ಇಲ್ಲೂ ಅದೇ ಉಪಾಯ, ಕಾಯಿಲ್ ಅದಲು ಬದಲು ಮಾಡಿ. ಸ್ಕ್ಯಾನರಿನಲ್ಲಿ ಪಿ0302 ಅಂತಿದ್ದದ್ದು ಪಿ0303 ಆಯ್ತು ಅಂದ್ರೆ ಕಳ್ಳ ಸಿಕ್ಕ. ಮಿಸ್ಸಿಂಗ್ ಇಟ್ಕೊಂಡು ಮಾತ್ರ ಓಡಿಸ್ತಾ ಇರಬೇಡಿ, ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನ ಸುಡತ್ತೆ.

ಇನ್ನು ನಮ್ಮ ಊರಿನದೇ ವಿಶೇಷ ಸದ್ದೊಂದಿದೆ. ಸುಗ್ಗಿ ಕಾಲದಲ್ಲಿ ನಾಗಮಂಗಲ, ಕೆ.ಆರ್.ಪೇಟೆ ಕಡೆ ಹುರುಳಿ, ರಾಗಿ ಎಲ್ಲ ರಸ್ತೆ ಮೇಲೆ ಒಕ್ಕಣೆ. ಹುಲ್ಲು ಹೋಗಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಗಿರಗಿರ ಅನ್ನತ್ತೆ. ನಗಬೇಡಿ, ಎಕ್ಸಾಸ್ಟಿನ ಬಿಸಿಗೆ ಹುಲ್ಲು ಹೊತ್ತಿಕೊಂಡು ಕಾರು ಸುಟ್ಟ ಸುದ್ದಿಗಳನ್ನ ಪೇಪರಿನಲ್ಲಿ ಓದಿದ್ದೇವೆ. ಸದ್ದು ಬಂದ್ರೆ ಮೊದಲು ಕೆಳಗೆ ಬಗ್ಗಿ ನೋಡಿ.

ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟೋಕೆ ನಾನು ತಯಾರಿಲ್ಲ. ಆಲೆಮನೆ ಗಾಣದ ಇಂಜಿನ್ ಸದ್ದು ಕೇಳಿಯೇ ಕಬ್ಬು ಜಾಸ್ತಿ ತುರುಕಿದ್ದಾರೆ ಅಂತ ಹೇಳೋ ಕಿವಿ ಇರೋ ಊರು ಇದು. ಆದರೆ ಆ ಕಿವಿಗೆ ಯಾರೂ ಕಾಸು ಕೊಡಲ್ಲ. ಅರ್ಧ ದಿನ ಹುಡುಕಿ ಹರಿದ ಹೋಸ್ ತೋರಿಸಿದವನಿಗೆ "ಬರೀ ಪೈಪ್ ಹಾಕಿದ್ದಕ್ಕೆ ಇಷ್ಟಾ?" ಅಂತಾರೆ ಗಿರಾಕಿಗಳು. ಇಂಜಿನ್ ಇಳಿಸಿದವನಿಗೆ ಕೇಳಿದಷ್ಟು ಕೊಡ್ತಾರೆ. ಹಾಗಿದ್ದ ಮೇಲೆ ಅವನು ಯಾಕೆ ಹುಡುಕ್ತಾನೆ, ಹೇಳಿ? ಡಾಕ್ಟರಿಗೆ ಕೊಡೋ ಹಾಗೆ ಹುಡುಕೋದಕ್ಕೇ ಬೇರೆ ಫೀಸು ಮಾತಾಡಿಕೊಳ್ಳಿ, ಕಾಯಿಲೆ ಏನೇ ಇರಲಿ ಅದು ಅವನದು. ನಾನು ಹಾಗೇ ಮಾಡ್ತೀನಿ, ಚೌಕಾಸಿ ಇಲ್ಲ.

ಬಿಚ್ಚಲೇಬೇಕಾದ ಸದ್ದೂ ಉಂಟು. ಆಯಿಲ್ ಲೈಟ್ ಹತ್ತಿ, ತಳದಿಂದ ದಡ್ ದಡ್ ಅಂತ ಹೊರೆಗೆ ತಕ್ಕಂತೆ ಜೋರಾದರೆ ಅದು ಬೇರಿಂಗು. ಅಲ್ಲೇ ಆಫ್ ಮಾಡಿ, ಟೋ ಮಾಡಿಸಿ. ಟರ್ಬೋದ ಸಿಳ್ಳೆ ಸೈರನ್ ಆಗಿ, ನೀಲಿ ಹೊಗೆ ಬಂದು, ಕೈಯಲ್ಲಿ ಶಾಫ್ಟ್ ಹಿಂದೆ ಮುಂದೆ ಆಡಿದರೆ ಟರ್ಬೋ ಹೋದ ಹಾಗೇ. ಆಗಲೂ ಆಯಿಲ್ ಬರೋ ಸಣ್ಣ ಪೈಪನ್ನ ಬದಲಾಯಿಸದೆ ಹೊಸ ಟರ್ಬೋ ಕೂರಿಸೋಕೆ ಬಿಡಬೇಡಿ. ನಿಮಿಷಕ್ಕೆ ಲಕ್ಷ ಸುತ್ತು ದಾಟೋ ಯಂತ್ರ ಅದು, ಕಟ್ಟಿಕೊಂಡ ಪೈಪು ಹೊಸದನ್ನೂ ತಿಂದುಹಾಕತ್ತೆ.

ಅಂದ ಹಾಗೆ ನಾಗಮಂಗಲ, ಕೆ.ಆರ್.ಪೇಟೆ ಕಡೆ ನಾಜಲ್ಲನ್ನ ಟೆಸ್ಟ್ ಬೆಂಚಿಗೆ ಹಾಕಿ, ಸಿಂಪಡಣೆ ನಿಮ್ಮ ಕಣ್ಣೆದುರೇ ತೋರಿಸೋ ಪುಣ್ಯಾತ್ಮರು ಯಾರಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ಹೇಳಿ. ನನ್ನ ಗಾಡಿಯ ಮೂರನೇ ನಾಜಲ್ ಮೇಲೆ ಸ್ವಲ್ಪ ಅನುಮಾನ ಇದೆ...