ಶಾಲು ಹೊದೆಸುವವರು, ಹೆಗಲು ಕೊಡುವವರು

ನವೆಂಬರ್ ಬಂತೆಂದರೆ ಕಾಸರಗೋಡಿನ ಕನ್ನಡಿಗರಿಗೆ ನೆಂಟರು ಜಾಸ್ತಿ. ಒಂದನೇ ತಾರೀಕು ಬೆಳಿಗ್ಗೆ ಶಾಲೆಯಲ್ಲಿ ಕೇರಳ ಪಿರವಿ, ಸಂಜೆ ಊರಿನಲ್ಲಿ ರಾಜ್ಯೋತ್ಸವ. ಘಟ್ಟದ ಮೇಲಿನಿಂದ ಬಂದವರು 1956ರಲ್ಲಿ ನಮಗಾದ ಅನ್ಯಾಯವನ್ನು ನಮಗೇ ವಿವರಿಸುತ್ತಾರೆ. 1967ರ ಮಹಾಜನ ವರದಿಯ ಹೆಸರೆತ್ತಿದಾಗ ನಾವೂ ಚಪ್ಪಾಳೆ ತಟ್ಟುತ್ತೇವೆ. ಶಾಲು, ಹಾರ, ಫೋಟೋ. ಕಾರುಗಳು ತಲಪಾಡಿ ದಾಟಿದವೆಂದರೆ ಮತ್ತೆ ಮುಂದಿನ ನವೆಂಬರಿಗೇ ಭೇಟಿ.

ನಾವು ಕೃತಘ್ನರಲ್ಲ. ಆದರೆ ನಡುವೆ ಹನ್ನೊಂದು ತಿಂಗಳು ಉಳಿಯುತ್ತದಲ್ಲ ಸ್ವಾಮಿ, ಆಗ ನಮ್ಮ ಜೊತೆ ನಿಲ್ಲುವವರು ಯಾರು?

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರನ್ನು ನೇಮಿಸುವುದು ಇಲ್ಲಿ ಹೊಸತಲ್ಲ. ನಮ್ಮಲ್ಲಿಗೂ ಹಾಗೊಬ್ಬರು ಗಣಿತಕ್ಕೆ ಬಂದರು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಇರಬೇಕು ಎನ್ನುವ ಸಂವಿಧಾನದ 350ಎ ವಿಧಿಯನ್ನೂ ಸೇರಿಸಿ ಅರ್ಜಿ ಬರೆದೆವು. "ನಿಮ್ಮವರಿಗೆ ಕೆಲಸ ಸಿಗಲಿ ಅಂತ ತಾನೇ?" ಎಂದು ನಕ್ಕರು.

ಮುಂದಿನ ಮೀಟಿಂಗಿನಲ್ಲಿ ಮಲಯಾಳ ವಿಭಾಗದ ಮಾಷ್ ಒಬ್ಬರು ಎದ್ದುನಿಂತರು. "ಭಾಗಾಕಾರ ಅರ್ಥವಾಗದೆ ಮಕ್ಕಳು ಸುಮ್ಮನೆ ಕೂತಿದ್ದಾರೆ. ಇದು ಭಾಷೆಯ ಜಗಳವಲ್ಲ, ಪಾಠದ ಪ್ರಶ್ನೆ" ಎಂದರು. ಎಲ್ಲರೂ ತಲೆಯಾಡಿಸಿದರು! ಅದೇ ಮಾತು ನಮ್ಮ ಬಾಯಲ್ಲಿ ಸ್ವಾರ್ಥ, ಅವರ ಬಾಯಲ್ಲಿ ನ್ಯಾಯ. ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಆಮೇಲೆ ಅವರಿಗೆ ಸಿಕ್ಕಿದ್ದೇನು? ಅವರ ಕಡೆಯವರು 'ಕನ್ನಡದವರ ಏಜೆಂಟ್' ಎಂದರು. ಚಹಾಕ್ಕೆ ಕರೆಯುವುದನ್ನು ನಿಲ್ಲಿಸಿದರು. ನಮ್ಮವರಾದರೂ ಮೆಚ್ಚಿದರೇ? "ಯೂನಿಯನ್ ಚುನಾವಣೆ ಹತ್ತಿರ ಬಂತು ನೋಡಿ" ಎಂದು ಕಣ್ಣು ಮಿಟುಕಿಸಿದರು. ಯಾಕೆ ಮಾತಾಡಿದಿರಿ ಎಂದು ನಾವೇ ಕೇಳಿದೆವು. "ನನ್ನ ಕ್ಲಾಸಿಗೆ ಮಲಯಾಳ ಬಾರದವರನ್ನು ಹಾಕಿದರೆ ನಾನು ಸುಮ್ಮನಿರುತ್ತೇನಾ?" ಎಂದರು, ಅಷ್ಟೆ.

ಚುನಾವಣೆಯ ಲೆಕ್ಕವೂ ಇದ್ದೀತು. ಇರಲಿ ಬಿಡಿ. ಮನುಷ್ಯನ ಮನಸ್ಸಿನಲ್ಲಿ ಒಂದೇ ಕಾರಣ ಇರುವುದಿಲ್ಲ. ಜೊತೆಗೆ ನಿಂತವರ ಎದೆ ಬಗೆದು ನೋಡುವ ಚಾಳಿ ನಮಗೆ ಬೇಡ. ಎರಡೇ ಪ್ರಶ್ನೆ ಕೇಳಿದರೆ ಸಾಕು: ಅವರು ಏನನ್ನಾದರೂ ಕಳೆದುಕೊಂಡರೇ? ನಾವಿಲ್ಲದ ಕೋಣೆಯಲ್ಲೂ ಅದೇ ಮಾತು ಆಡಿದರೇ? ಶಾಲು ಹೊದೆಸಿದವರು ಕಳೆದುಕೊಂಡದ್ದು ಒಂದು ಭಾನುವಾರ. ಈ ಮಾಷ್ ಕಳೆದುಕೊಂಡದ್ದು ಸ್ನೇಹಿತರನ್ನು.

ಇನ್ನು ನಮ್ಮ ವಿಷಯ. ನಮ್ಮ ಕನ್ನಡ ಕ್ಲಾಸಿನ ಎಷ್ಟೋ ಮಕ್ಕಳ ಮನೆಮಾತು ತುಳು. ಕೊರಗರ ಕಾಲೊನಿಯಿಂದ ಬರುವ ಮಕ್ಕಳೂ ಇದ್ದಾರೆ. ಒಂದು ಮಗು ತುಳುವಿನಲ್ಲಿ ಸಂಶಯ ಕೇಳಿದರೆ "ಕನ್ನಡದಲ್ಲಿ ಕೇಳು" ಎಂದು ಗದರುವವರು ಯಾರು? ನಾವೇ ಅಲ್ಲವೇ! ನಮಗಾಗಿ ಬಾಯಿಪಾಠ ಮಾಡಿದ 350ಎ ವಿಧಿಯನ್ನು ಆ ಮಗುವಿಗಾಗಿ ಒಮ್ಮೆಯಾದರೂ ಓದಿದ್ದೇವೆಯೇ? ಮಾಷ್ ನಮಗಾಗಿ ಎದ್ದುನಿಂತರು. ಆ ಮಗುವಿಗಾಗಿ ಎದ್ದುನಿಲ್ಲಬೇಕಾದವರು ನಾವು.