ವಾಸ್ತುಶಿಲ್ಪಿಯ ನಿಜವಾದ ಪರೀಕ್ಷಕ

ವಾಸ್ತುಶಿಲ್ಪಿ, ಎಂದರೆ ಆರ್ಕಿಟೆಕ್ಟ್, ಆಗಬೇಕೆಂದು ಬಯಸುವ ವಿದ್ಯಾರ್ಥಿಗಳು ವರ್ಷಂಪ್ರತಿ ಕೇಳುವ ಪ್ರಶ್ನೆ ಒಂದೇ: “ಪ್ರವೇಶ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು, ಸಾರ್?” ಪ್ರಶ್ನೆ ಸಹಜವಾದುದೇ. ಆದರೆ ಆ ಪರೀಕ್ಷೆಯನ್ನೇ ಕೊನೆಯ ಗುರಿಯೆಂದು ಭಾವಿಸುವುದು ತಪ್ಪೆಂದು ನನ್ನ ಅಭಿಪ್ರಾಯ.

1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ಆ ಬಿರುದನ್ನು ಧರಿಸಬಹುದು. ವ್ಯಾಸಂಗದ ಬಾಗಿಲಲ್ಲಿ ‘ನಾಟಾ’ದಂತಹ ಪ್ರವೇಶ ಪರೀಕ್ಷೆಯುಂಟು, ಒಳಗೆ 5 ವರ್ಷಗಳ ಶಿಕ್ಷಣವುಂಟು. ಮಾನ್ಯ ಪದವಿ ಕೈಗೆ ಬಂದ ಮೇಲೆ ನೋಂದಣಿಗೆ ಬೇರೆ ಪರೀಕ್ಷೆಯಿಲ್ಲ. ಅಮೆರಿಕದಲ್ಲಾದರೋ ಪದವಿಯ ಜೊತೆಗೆ ಅನುಭವವನ್ನು ಗಳಿಸಿ, 6 ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಂತಹುದು ನಮ್ಮಲ್ಲಿಯೂ ಬೇಕೇ ಎಂಬುದನ್ನು ಬಲ್ಲವರು ಚರ್ಚಿಸಲಿ. ಎರಡೂ ದೇಶಗಳಲ್ಲಿ ಕಟ್ಟಕಡೆಯ ಪರೀಕ್ಷಕ ಮಾತ್ರ ಒಬ್ಬನೇ: ಭೂಮಿಯ ಗುರುತ್ವಾಕರ್ಷಣೆ. ಆತನು ಹಗಲಿರುಳೂ ಪ್ರಶ್ನೆ ಕೇಳುವನು; ಕೃಪಾಂಕ ನೀಡುವುದಿಲ್ಲ.

ಈ ಪರೀಕ್ಷಕನ ಪ್ರಶ್ನೆಗೆ ಉತ್ತರ ನೋಡಬೇಕಾದರೆ ದಾವಣಗೆರೆಯ ಆನೆಕೊಂಡಕ್ಕೆ ಹೋಗಬೇಕು. ಅಲ್ಲಿಯ ಈಶ್ವರ ದೇವಾಲಯವು 12ನೆಯ ಶತಮಾನದ್ದು. ಅಲ್ಲಿಯ ಕಂಬಗಳು ಒಂದಕ್ಕೊಂದು ಹತ್ತಿರವಾಗಿಯೇ ಏಕೆ ನಿಂತಿವೆ? ಕೇವಲ ಅಂದಕ್ಕಾಗಿಯೇ? ಅಲ್ಲ.

ಒಂದು ಸೀಮೆಸುಣ್ಣದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿರಿ. ಅದು ಸಾಕಷ್ಟು ಭಾರವನ್ನು ತಾಳುವುದು. ಅದನ್ನೇ ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಮಲಗಿಸಿ ಮಧ್ಯದಲ್ಲಿ ಒತ್ತಿರಿ, ತಟ್ಟನೆ ಮುರಿಯುವುದು. ಬಾಗುವಾಗ ಮೇಲ್ಭಾಗವು ಅದುಮಲ್ಪಡುವುದು, ಕೆಳಭಾಗವು ಎಳೆಯಲ್ಪಡುವುದು. ಕಲ್ಲಿಗೂ ಇದೇ ಸ್ವಭಾವ: ಅದುಮನ್ನು ತಾಳುವುದು, ಎಳೆತವನ್ನು ತಾಳದು. ಕಲ್ಲಿನ ತೊಲೆಯ ದಪ್ಪ, ಅಗಲ ಹಾಗೆಯೇ ಇದ್ದು ಕಂಬಗಳ ಅಂತರ ಮಾತ್ರ ಇಮ್ಮಡಿಯಾದರೆ, ಸ್ವಂತ ಭಾರದಿಂದಲೇ ಅದರ ಮಧ್ಯದಲ್ಲುಂಟಾಗುವ ಎಳೆತ 4 ಪಟ್ಟಾಗುವುದು. ಆದುದರಿಂದಲೇ ಕಂಬಗಳು ಹತ್ತಿರ ಬಂದವು. ಸಮೀಪದ ಹರಿಹರದಲ್ಲಿ, ಹೊಯ್ಸಳರ ದಂಡನಾಥ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿಯೂ ಇದೇ ನಿಯಮದ ಆಳ್ವಿಕೆ.

ಇದು ಕೇವಲ ಹಳೆಯ ಕಾಲದ ವಿಷಯವೆಂದು ಭಾವಿಸಬೇಡಿ. ಕಾಂಕ್ರೀಟೂ ಕಲ್ಲಿನಂತೆಯೇ ಎಳೆತಕ್ಕೆ ದುರ್ಬಲ. ಅದಕ್ಕಾಗಿಯೇ ಕಬ್ಬಿಣದ ಸರಳು ಬೇಕು. ಎರಡು ಗೋಡೆಗಳ ಮೇಲೆ ಕುಳಿತ ತೊಲೆಗೆ ಮುಖ್ಯ ಸರಳುಗಳು ಕೆಳಗಿರಬೇಕು. ಕಿಟಕಿಯ ಮೇಲೆ ಹೊರಚಾಚಿದ ಸಜ್ಜಕ್ಕೆ ಅವು ಮೇಲಿರಬೇಕು. ಅಲ್ಲಿ ಎಳೆತವು ಮೇಲ್ಭಾಗದಲ್ಲಿರುವುದು. “ಸರಳು ಕೆಳಗೆ” ಎಂದು ಬಾಯಿಪಾಠ ಮಾಡಿದವರು ಸಜ್ಜವನ್ನೂ ಹಾಗೆಯೇ ಕಟ್ಟಿಸಿದರೆ, ಅದು ಒಂದು ದಿನ ಕೆಳಗೆ ನಿಂತವರ ತಲೆಯ ಮೇಲೆ ಬೀಳಬಹುದು. ಲೆಕ್ಕ ಮಾಡಲು ಎಂಜಿನಿಯರು ಇದ್ದಾರೆ, ನಿಜ; ಆದರೆ ತಾನು ಎಳೆದ ಗೆರೆಯಲ್ಲಿ ಭಾರವೆಷ್ಟೆಂಬ ಅರಿವು ವಾಸ್ತುಶಿಲ್ಪಿಗೂ ಇರಬೇಡವೇ?

ಹಾಗೆಂದು ಪುಸ್ತಕಗಳನ್ನು ಬದಿಗಿಡಬೇಕಿಲ್ಲ. ಚಿತ್ರ ಬರೆಯಿರಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿರಿ. ಆದರೆ ಒಂದು ಭಾನುವಾರ ಅಳತೆಪಟ್ಟಿ, ನೋಟುಪುಸ್ತಕಗಳೊಡನೆ ಆನೆಕೊಂಡಕ್ಕೆ ಹೋಗಿರಿ. ಕಂಬಗಳ ಅಂತರವನ್ನು ಅಳೆಯಿರಿ. ಪ್ರತಿಯೊಂದು ಕಲ್ಲಿನ ಮುಂದೆಯೂ ನಿಂತು, ‘ಇದರ ಭಾರ ಯಾವ ದಾರಿಯಾಗಿ ನೆಲ ಸೇರುವುದು?’ ಎಂದು ಕೇಳಿಕೊಳ್ಳಿರಿ. ಇದಕ್ಕೆ ಉತ್ತರ ಹೇಳಬಲ್ಲ ವಿದ್ಯಾರ್ಥಿಯು ಪರೀಕ್ಷೆಗೆ ಹೆದರಬೇಕಾಗಿಲ್ಲ. ಮುಂದೆ ಆ ವಿದ್ಯಾರ್ಥಿ ಕಟ್ಟಿಸುವ ಸೂರಿನಡಿ ಮಲಗುವವರೂ ಹೆದರಬೇಕಾಗಿಲ್ಲ.