ಮೊದಲ ಕಂತಿನ ತೀರ್ಪುಗಾರರು

ಜಪಾನು ದೇಶದಲ್ಲಿ ಚಿತ್ರಗಳನ್ನು ಬರೆದು, ಅವು ಚಲಿಸುವಂತೆ ಮಾಡಿ ಹೇಳುವ ಕಥೆಗಳಿಗೆ ಅನಿಮೆ ಎಂದು ಹೆಸರು. ವರ್ಷಕ್ಕೆ ನಾಲ್ಕು ಸಲ, ಎಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ, ಹೊಸ ಸರಣಿಗಳು ಅಲ್ಲಿಯ ದೂರದರ್ಶನದಲ್ಲಿ ಗುಂಪುಗುಂಪಾಗಿ ತೊಡಗುವುವು. ವಾರಕ್ಕೊಂದು ಕಂತು, ಕಂತಿಗೆ ಸುಮಾರು 24 ನಿಮಿಷ, ಒಂದು ಋತುವಿಗೆ ಸಾಮಾನ್ಯವಾಗಿ 12 ಅಥವಾ 13 ಕಂತುಗಳು. ಅಂತರ್ಜಾಲದ ದೆಸೆಯಿಂದ, ಅಲ್ಲಿ ಪ್ರಸಾರವಾದ ಎಷ್ಟೋ ಕಂತುಗಳು ಅದೇ ದಿನ ನಮ್ಮ ಜಿಲ್ಲೆಯ ಮನೆಗಳ ಪಡಸಾಲೆಗೂ ಬಂದಿಳಿಯುವುವು. ಇದರಲ್ಲಿ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಆಕ್ಷೇಪಣೆಯಿರುವುದು ಅದರ ಬೆನ್ನಿಗೇ ಬರುವ ಮತ್ತೊಂದು ಪದಾರ್ಥದ ಮೇಲೆ. ಮೊದಲನೆಯ ಕಂತು ಮುಗಿದು ಕಲಾವಿದರ ಹೆಸರುಗಳು ತೆರೆಯ ಮೇಲೆ ಉರುಳುತ್ತಿರುವಾಗಲೇ, ಆ ಸರಣಿ ಉತ್ತಮವೋ ಅಧಮವೋ, ಅದಕ್ಕೆ ಹತ್ತಕ್ಕೆ ಎಷ್ಟು ಅಂಕ, ಈ ಋತುವಿನ ಸರಣಿಗಳಲ್ಲಿ ಅದು ಎಷ್ಟನೆಯದು ಎಂಬ ತೀರ್ಪು ಹೊರಬಿದ್ದಿರುತ್ತದೆ. ನೋಡಿದವರು ಹೇಳುತ್ತಾರೆ, ಕೇಳಿದವರು ನೋಡದೆಯೇ ಅದನ್ನು ಮತ್ತೊಬ್ಬರಿಗೆ ಹೇಳುತ್ತಾರೆ. ಈ ಪದ್ಧತಿ ವಿಮರ್ಶೆಯೆಂಬ ಹೆಸರಿಗೆ ಸರ್ವಥಾ ಅರ್ಹವಲ್ಲವೆಂಬುದು ನನ್ನ ವಾದ.

ಮಕ್ಕಳ ಬೊಂಬೆಯಾಟದ ವಿಚಾರಕ್ಕೆ ಸಾಹಿತ್ಯಪತ್ರಿಕೆಯ ಪುಟಗಳೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅವರೊಡನೆ ವಾದಕ್ಕೆ ನಿಲ್ಲಲು ಇಲ್ಲಿ ಸ್ಥಳ ಸಾಲದು. ತೊಗಲುಗೊಂಬೆಯ ಸೀತೆಗಾಗಿ ರಾತ್ರಿಯಿಡೀ ಕುಳಿತು ಕಣ್ಣೊರೆಸಿಕೊಂಡ ಜನ ನಾವು. ಬರೆದ ಬೊಂಬೆಯಿಂದ ಶೋಕ ಹುಟ್ಟದೆಂದು ಹೇಳುವ ಬಾಯಿ ನಮಗಿಲ್ಲ.

ಭರತಮುನಿಯ ಕಾಲದಿಂದ ನಮ್ಮವರು ನಾಟಕದ ಕಥಾಶರೀರವನ್ನು ಐದು ಸಂಧಿಗಳಾಗಿ ವಿಂಗಡಿಸಿರುವರು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಮುಖಸಂಧಿಯಲ್ಲಿ ಆಗುವುದು ಬೀಜಾವಾಪ ಮಾತ್ರ. ಆ ಬೀಜ ಪ್ರತಿಮುಖದಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಗರ್ಭದಲ್ಲಿ ಫಲದ ಆಸೆ ಹುಟ್ಟುತ್ತದೆ. ವಿಮರ್ಶದಲ್ಲಿ ವಿಘ್ನ ಒದಗಿ, ಆದೀತೋ ಆಗದೋ ಎಂಬ ತೂಗುಯ್ಯಾಲೆ. ಕಡೆಗೆ ನಿರ್ವಹಣದಲ್ಲಿ ಎಲ್ಲ ಎಳೆಗಳೂ ಒಂದಾಗುವುವು. ಸಭಿಕರ ಮನಸ್ಸನ್ನು ಮೊದಲೇ ಸೆಳೆದುಕೊಳ್ಳುವುದಕ್ಕೆ ಪ್ರರೋಚನೆಯೆಂಬ ಬೇರೊಂದು ಅಂಗವೇ ಉಂಟು. ಹನ್ನೆರಡು ಕಂತುಗಳ ಸರಣಿಯಲ್ಲಿ ಮೊದಲನೆಯ ಕಂತೆಂದರೆ ಪ್ರರೋಚನೆ ಮತ್ತು ಮುಖಸಂಧಿಯ ಒಂದು ತುಣುಕು, ಅಷ್ಟೆ. ಅದನ್ನು ಕಂಡು ಇಡೀ ಕೃತಿಯ ಮೇಲೆ ಮಾತನಾಡುವವನು, ಶಾಕುಂತಲದ ಮೊದಲನೆಯ ಅಂಕಕ್ಕೆ ಎದ್ದುಹೋಗಿ, ಅದು ಬೇಟೆಗೆ ಬಂದ ಅರಸನೊಬ್ಬನು ಹುಡುಗಿಯೊಬ್ಬಳನ್ನು ದುಂಬಿಯ ಕಾಟದಿಂದ ಬಿಡಿಸಿದ ಕಥೆ ಎಂದು ಊರಿಗೆಲ್ಲ ಸಾರಿದವನಂತೆಯೇ ಸರಿ. ದೂರ್ವಾಸರ ಶಾಪ ನಾಲ್ಕನೆಯ ಅಂಕಕ್ಕೆ ಮೊದಲು ಬರುವುದಿಲ್ಲ. ಕಳೆದ ಉಂಗುರ ಬೆಸ್ತನ ಕೈಯಲ್ಲಿ ಕಾಣಿಸಿಕೊಳ್ಳುವುದು ಐದನೆಯ ಅಂಕ ಕಳೆದ ಮೇಲೆ.

ಉಂಗುರದ ಮಾತು ಬಂದದ್ದರಿಂದ ಫ್ರೀರೆನ್ ಕಥೆಯನ್ನೇ ನೋಡೋಣ. ಕನೆಹಿತೊ ಯಮಾದಾ ಕಥೆ ರಚಿಸಿ ತ್ಸುಕಾಸಾ ಅಬೆ ಚಿತ್ರ ಬರೆದು, 2020ರಿಂದ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಪ್ರಕಟವಾಗತೊಡಗಿದ ಚಿತ್ರಕಥೆ ಇದರ ಮೂಲ. ಕೆಯಿಚಿರೊ ಸೈತೊ ಎಂಬುವರ ನಿರ್ದೇಶನದಲ್ಲಿ ಮ್ಯಾಡ್‌ಹೌಸ್ ಸಂಸ್ಥೆಯವರು ಸಿದ್ಧಪಡಿಸಿದ ಸರಣಿ 2023ನೆಯ ಇಸವಿ ಸೆಪ್ಟೆಂಬರ್ 29ರಂದು ತೊಡಗಿತು. ಇತರ ಕಥೆಗಳು ಮುಗಿಯುವ ಸ್ಥಳದಲ್ಲಿ ಇದು ಆರಂಭವಾಗುತ್ತದೆ. ಅಸುರರಾಜನನ್ನು ಸಂಹರಿಸಿ, ಹತ್ತು ವರ್ಷಗಳ ಯಾತ್ರೆ ಮುಗಿಸಿಕೊಂಡು ನಾಲ್ವರು ಊರಿಗೆ ಹಿಂದಿರುಗುವರು. ಅವರಲ್ಲಿ ಫ್ರೀರೆನ್ ಎಂಬವಳು ಎಲ್ಫ್ ಎಂಬ ಕುಲದ ಮಂತ್ರವಾದಿನಿ; ಸಾವಿರ ವರ್ಷಕ್ಕೆ ಮೀರಿ ಬಾಳಿದವಳು. ಹತ್ತು ವರ್ಷವೆಂದರೆ ಅವಳಿಗೆ ಒಂದು ಮಧ್ಯಾಹ್ನ ಕಳೆದಂತೆ. ಐವತ್ತು ವರ್ಷ ಎಲ್ಲೆಲ್ಲೋ ಅಲೆದು ಮರಳಿ ಬಂದು ನೋಡುತ್ತಾಳೆ, ವೀರನಾದ ಹಿಮ್ಮೆಲ್ ಮುದುಕನಾಗಿದ್ದಾನೆ. ಆಮೇಲೆ ತೀರಿಯೂ ಹೋಗುತ್ತಾನೆ. ಅವನ ಉತ್ತರಕ್ರಿಯೆಯ ಸಮಯದಲ್ಲಿ, ಜತೆಗಿದ್ದಷ್ಟು ಕಾಲ ಇವನನ್ನು ಅರಿಯಲು ಯತ್ನಿಸಲೇ ಇಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬರುವುದು. ಇದು ಬೀಜ.

ಇದಿಷ್ಟನ್ನು ನೋಡಿ, ಇದರಲ್ಲಿ ಏನೂ ನಡೆಯುವುದಿಲ್ಲ, ನಿದ್ರೆ ಬರುತ್ತದೆ ಎಂದವರುಂಟು. ಇದಕ್ಕೆ ಸಮನಾದ ಕೃತಿ ಹಿಂದಾಗಿಲ್ಲ, ಮುಂದಾಗದು ಎಂದವರೂ ಉಂಟು. ಇಬ್ಬರ ಕೈಯಲ್ಲಿಯೂ ಇದ್ದದ್ದು ಬೀಜವೊಂದೇ. ಮರ ಕಂಡವರು ಯಾರೂ ಇಲ್ಲ. ಆ ಸರಣಿಯ 14ನೆಯ ಕಂತಿನಲ್ಲಿ ಒಂದು ಉಂಗುರದ ಪ್ರಸಂಗ ಬರುವುದು. ಹಿಂದೊಮ್ಮೆ ಹಿಮ್ಮೆಲ್ ಅವಳ ಮುಂದೆ ಮಂಡಿಯೂರಿ ತೊಡಿಸಿದ್ದ ಉಂಗುರ. ಅದರಲ್ಲಿ ಕೆತ್ತಿದ್ದ ಹೂವಿಗೆ ಶಾಶ್ವತ ಪ್ರೇಮವೆಂಬ ಅರ್ಥವುಂಟೆಂಬುದು ಅವಳಿಗೆ ಆಗ ತಿಳಿಯದು. ಆ ಉಂಗುರ ಕಳೆದುಹೋಗಿ ಮಂತ್ರಬಲದಿಂದ ಮರಳಿ ದೊರೆಯುವುದು. ಶಾಕುಂತಲವನ್ನು ಓದಿದವರು ಇಲ್ಲಿ ಬೆಚ್ಚುವಂತಿದೆ. ಅಲ್ಲಿ ಉಂಗುರ ದೊರೆತೊಡನೆ ಅರಸನಿಗೆ ನೆನಪು ಮರಳುತ್ತದೆ. ಇಲ್ಲಿ ಉಂಗುರ ದೊರೆತರೂ ಕೊಟ್ಟವನು ಮರಳುವಂತಿಲ್ಲ. ಮೊದಲ ಕಂತಿನ ಕಣ್ಣೀರಿಗೆ ತೂಕ ಬರುವುದು ಈ ಘಟ್ಟದಲ್ಲಿ. ಸತ್ತವರ ಆತ್ಮಗಳೊಡನೆ ಮಾತನಾಡಬಹುದಾದ ಸ್ಥಳವನ್ನು ಹುಡುಕಿಕೊಂಡು ಅವಳು ಹೊರಟಿದ್ದಾಳೆ. ಮೊದಲ ಭಾಗದ 28 ಕಂತುಗಳು 2024ರ ಮಾರ್ಚಿಯಲ್ಲಿ ಮುಗಿದಾಗಲೂ ಅವಳು ಅದನ್ನು ಮುಟ್ಟಿರಲಿಲ್ಲ. ನಿರ್ವಹಣಸಂಧಿ ಇನ್ನೂ ದೂರವಿರುವ ಕೃತಿಗೆ ಹತ್ತಕ್ಕೆ ಹತ್ತು ಕೊಟ್ಟವರೂ ಅವಸರದವರೇ, ನಾಲ್ಕು ಕೊಟ್ಟವರೂ ಅವಸರದವರೇ.

ಈ ಅವಸರದಿಂದ ಕೇಡೇನೆಂದರೆ, ಕೃತಿಕಾರರಿಗೇ ಅದರ ಭಯ ಹಿಡಿದಂತಿದೆ. ಫ್ರೀರೆನ್ ಸರಣಿಯ ಮೊದಲ ನಾಲ್ಕು ಕಂತುಗಳನ್ನು ಕೂಡಿಸಿ, ನಿಪ್ಪಾನ್ ಟೆಲಿವಿಷನ್‌ನವರು ಚಲನಚಿತ್ರಗಳಿಗೆ ಮೀಸಲಾದ ಶುಕ್ರವಾರ ರಾತ್ರಿಯ ವೇಳೆಯಲ್ಲಿ ಎರಡು ಗಂಟೆಗಳ ಕಾಲ ಒಟ್ಟಿಗೆ ತೋರಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ ತೊಡಗಿದ ಓಷಿ ನೋ ಕೋ ಎಂಬ ಸರಣಿಯ ಮೊದಲ ಕಂತಿಗೆ ಒಂದೂವರೆ ಗಂಟೆಯ ಅವಧಿ. ಇದರ ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ: 24 ನಿಮಿಷಕ್ಕೆ ನಿಲ್ಲಿಸಿದರೆ ಅಷ್ಟಕ್ಕೇ ತೀರ್ಪು ಬೀಳುವುದು ಖಂಡಿತ, ಆದ್ದರಿಂದ ತೀರ್ಪುಗಾರನನ್ನು ಎರಡು ಗಂಟೆ ಕುರ್ಚಿಗೆ ಕಟ್ಟಿಹಾಕಿದರು. ಇವರಿಗೆ ಅದಕ್ಕೆ ಬೇಕಾದ ಅನುಕೂಲವಿತ್ತು. ಅಂಥ ಅನುಕೂಲವಿಲ್ಲದ ಸಣ್ಣ ಸಂಸ್ಥೆ ಏನು ಮಾಡಬೇಕು? ಮೊದಲ ಕಂತಿನಲ್ಲೇ ಎರಡು ಕೊಲೆ, ಒಂದು ಶಾಪ, ಒಂದು ಪುನರ್ಜನ್ಮ ತುರುಕಬೇಕು. ತುರುಕುತ್ತಲೂ ಇರುವರು.

ಇದಕ್ಕೆ ಪ್ರತಿಯಾಗಿ, ಬೀಜವನ್ನು ಬೇಕೆಂದೇ ಮರೆಮಾಡಿದ ಕೃತಿಯೊಂದುಂಟು. 2011ರ ಜನವರಿಯಲ್ಲಿ ತೊಡಗಿದ ಮಾಡೋಕಾ ಮ್ಯಾಜಿಕಾ. ನಿರ್ದೇಶಕರು ಅಕಿಯುಕಿ ಷಿಂಬೊ, ಕಥೆ ಬರೆದವರು ಗೆನ್ ಉರೊಬುಚಿ. ಮಾಂತ್ರಿಕ ಶಕ್ತಿ ಪಡೆದ ಬಾಲೆಯರ ಕಥೆಗಳು ಜಪಾನಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುವು. ದುಂಡು ಮುಖ, ಬಣ್ಣದ ಲಂಗ, ಮಾತನಾಡುವ ಮುದ್ದು ಪ್ರಾಣಿ. ಮೊದಲೆರಡು ಕಂತುಗಳನ್ನು ನೋಡಿದವನು ಇದು ಅದೇ ಹಳೆಯ ಸರಕು ಎಂದು ಎದ್ದುಹೋದರೆ ಅವನಿಗೆ ಕಾಣುವಷ್ಟು ಅವನು ಕಂಡಂತೆಯೇ. ಮೂರನೆಯ ಕಂತಿನ ಕೊನೆಯಲ್ಲಿ ಆ ಬಾಲೆಯರಿಗೆ ದಾರಿ ತೋರುತ್ತಿದ್ದ ಹಿರಿಯಳು ಅನಿರೀಕ್ಷಿತವಾಗಿ ಸಾಯುವಳು. ಅಲ್ಲಿಂದಾಚೆಗೆ ಆ ಮುದ್ದು ಪ್ರಾಣಿಯ ಮಾತಿಗೆಲ್ಲ ಬೇರೆ ಅರ್ಥ. ಹಿಂದಿನ ಸೌಮ್ಯತೆಯೇ ಬಲೆಯಾಗಿತ್ತು. ಮಾರ್ಚ್ 11ರ ಭೂಕಂಪದ ದೆಸೆಯಿಂದ ಕಡೆಯ ಎರಡು ಕಂತುಗಳು ತಡವಾಗಿ, ಏಪ್ರಿಲಿನಲ್ಲಿ ಪ್ರಸಾರವಾದುವು. ಮೂರು ಕಂತು ನೋಡಿ ಆಮೇಲೆ ನಿರ್ಣಯಿಸು ಎಂದು ಈಚಿನ ಪ್ರೇಕ್ಷಕರು ಒಂದು ಸೂತ್ರ ಮಾಡಿಕೊಂಡಿರುವರಷ್ಟೆ. ಅದನ್ನು ಹೇಳುವಾಗಲೆಲ್ಲ ಈ ಸರಣಿಯನ್ನೇ ಉದಾಹರಿಸುವರು. ಸೂತ್ರ ಒಂದಕ್ಕಿಂತ ಮೇಲು. ಆದರೆ ಮೂರು ಎಂಬ ಸಂಖ್ಯೆಯಲ್ಲಿ ಏನು ಪ್ರಮಾಣವಿದೆಯೋ ನಾನರಿಯೆ. ಮತ್ತೊಬ್ಬ ಕವಿ ಬೀಜವನ್ನು ಏಳನೆಯ ಕಂತಿನಲ್ಲಿ ತೆರೆದರೆ?

ಅವಸರದ ತೀರ್ಪಿಗೆ ಹಿಂದಿನ ಸಾಕ್ಷಿಗಳೂ ಉಂಟು. 1974ರ ಅಕ್ಟೋಬರಿನಲ್ಲಿ ಯಮಾಟೊ ಎಂಬ ಆಕಾಶನೌಕೆಯ ಕಥೆ ಜಪಾನಿನಲ್ಲಿ ಪ್ರಸಾರಕ್ಕೆ ಬಂದಿತು. ಅದೇ ಭಾನುವಾರದ ಅದೇ ವೇಳೆಯಲ್ಲಿ ಮತ್ತೊಂದು ವಾಹಿನಿಯಲ್ಲಿ ಇಸಾವೊ ತಕಹಾಟಾ ನಿರ್ದೇಶಿಸಿದ ಹೈಡಿ ಎಂಬ ಬೆಟ್ಟದ ಹುಡುಗಿಯ ಕಥೆ ನಡೆಯುತ್ತಿತ್ತು. ಜನ ಹೈಡಿಯನ್ನು ನೋಡಿದರು. ಹೈಡಿಯೂ ಒಳ್ಳೆಯ ಕೃತಿಯೇ. ಯಮಾಟೊ ಕಥೆಯನ್ನು ಯೋಜಿಸಿದ್ದಕ್ಕಿಂತ ಮೊದಲೇ, 26ನೆಯ ಕಂತಿಗೆ, ಮುಗಿಸಬೇಕಾಯಿತು. ಮರುಪ್ರಸಾರದಲ್ಲಿ ಪೂರ್ತಿಯಾಗಿ ಕಂಡ ಮೇಲೆ ಅದರ ಬೆಲೆ ತಿಳಿದು, 1977ರಲ್ಲಿ ಚಲನಚಿತ್ರವಾಗಿ ಬಂದಾಗ ಚಿತ್ರಮಂದಿರಗಳ ಮುಂದೆ ಸಾಲು ನಿಂತರು. ಯೊಷಿಯುಕಿ ಟೊಮಿನೊ ಅವರ ಗುಂಡಮ್ ಎಂಬ ಸರಣಿಗೂ ಇದೇ ಗತಿ: 1979ರ ಏಪ್ರಿಲಿನಲ್ಲಿ 52 ಕಂತುಗಳಿಗೆಂದು ಹೊರಟದ್ದು 43ಕ್ಕೆ ನಿಂತಿತು, 1981ರಲ್ಲಿ ಚಲನಚಿತ್ರವಾಗಿ ಗೆದ್ದಿತು, ಇಂದಿಗೂ ಅದರ ಹೆಸರಿನಲ್ಲಿ ಹೊಸ ಕಥೆಗಳು ಬರುತ್ತಲಿವೆ. ಆದರೆ ಆ ಒಂಬತ್ತು ಕಂತುಗಳನ್ನು ಯಾರೂ ಹಿಂದಕ್ಕೆ ತರಲಿಲ್ಲ.

ಬೇಗ ಹೊಗಳುವುದೂ ಬೇಗ ತೆಗಳಿದಷ್ಟೇ ಹುರುಳಿಲ್ಲದ್ದು. ಮದುವೆಯ ದಿನದ ಊಟ ಉಂಡು ಬೀಗರ ಮನೆಯ ದಿನನಿತ್ಯದ ಅಡಿಗೆಯನ್ನು ಹೊಗಳುವರೆ? ಮೊದಲ ಕಂತಿಗೆ ಚಿತ್ರಕಾರರು ತಮ್ಮ ಬಲವನ್ನೆಲ್ಲ ಹಾಕಿರುವರು; ವಾರವಾರದ ಗಡುವು ಹತ್ತಿದ ಮೇಲೆ ಕೈ ಸೋಲುವುದುಂಟು. 2021ರ ಜನವರಿಯಲ್ಲಿ ತೊಡಗಿದ ವಂಡರ್ ಎಗ್ ಪ್ರಯಾರಿಟಿ ಎಂಬುದನ್ನು ಮೊದಲ ವಾರದಲ್ಲೇ ಎತ್ತಿ ಆಡಿಸಿದರು. ಎಂಟನೆಯ ವಾರಕ್ಕೆ ಹೊಸ ಕಂತಿನ ಸ್ಥಳದಲ್ಲಿ ಹಿಂದಿನ ಕಥೆಯ ಸಂಗ್ರಹ ಬಂದಿತು. ಮುಕ್ತಾಯವನ್ನು ಜೂನ್ ತಿಂಗಳವರೆಗೆ ಮುಂದೂಡಿದರು. ಅದು ಬಂದಾಗ ಎತ್ತಿ ಆಡಿಸಿದವರೇ ಕೈಬಿಟ್ಟರು. ಇನ್ನು ಕೆಲವರಿಗೆ ಬೊಂಬೆ ಎಷ್ಟು ನಯವಾಗಿ ಅಲುಗಾಡುವುದೆಂಬುದೇ ಏಕಮಾತ್ರ ಲಕ್ಷಣ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ, ಎಂಟೇ ಚಿತ್ರಗಳಲ್ಲಿ ಕೆಲಸ ನಡೆಸುವುದು 1963ರಲ್ಲಿ ಒಸಾಮು ತೆಜುಕಾ ಆಸ್ಟ್ರೋ ಬಾಯ್ ಎಂಬ ಕಥೆಯನ್ನು ವಾರವಾರವೂ ತೋರಿಸಲು ತೊಡಗಿದ ಕಾಲದಿಂದ ಬಂದ ಮಿತವ್ಯಯ. ಆ ನಿಶ್ಚಲತೆಯನ್ನೇ ಗುಣವಾಗಿ ಮಾಡಿಕೊಂಡವರೂ ಉಂಟು. ಮುಖ ಅಲುಗದೆ ನಿಂತಾಗ ನೋಡುವವನ ಮನಸ್ಸು ಅಲುಗಬೇಕು.

ನನ್ನ ಮೊಮ್ಮಗಳು ಇದಕ್ಕೆಲ್ಲ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು: “ತಾತ, ಒಂದೊಂದು ಸಲಕ್ಕೆ ಹತ್ತಾರು ಶುರುವಾಗ್ತವೆ. ಎಲ್ಲವನ್ನೂ ಕೊನೇ ತನಕ ನೋಡ್ತಾ ಕೂತರೆ ಪರೀಕ್ಷೆ ಯಾರು ಬರೀತಾರೆ?” ಮಾತು ನ್ಯಾಯವಾದುದೇ. ಆಯುಸ್ಸು ಅಲ್ಪ, ಸರಣಿಗಳು ಅನಂತ. ಆದರೆ ಬಿಡುವುದು ಬೇರೆ, ತೀರ್ಪು ಕೊಡುವುದು ಬೇರೆ. ರುಚಿಸಲಿಲ್ಲ, ಬಿಟ್ಟೆ ಎನ್ನುವುದು ನೋಡುವವನ ಸ್ವಾತಂತ್ರ್ಯ. ಅದಕ್ಕೆ ಕಾರಣ ಕೊಡಬೇಕಾದ್ದೂ ಇಲ್ಲ. ಬಿಟ್ಟೆನಾದ್ದರಿಂದ ಅದು ಕೆಟ್ಟದ್ದು ಎನ್ನುವುದಕ್ಕೆ ಮಾತ್ರ ಅಧಿಕಾರವಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಉತ್ತರಪತ್ರಿಕೆ ತಿದ್ದಿದವನು ನಾನು. ಮೊದಲ ಉತ್ತರ ಓದಿ ಇಡೀ ಪತ್ರಿಕೆಗೆ ಅಂಕ ಹಾಕಿದ್ದರೆ ನನ್ನನ್ನು ಆ ಕೆಲಸದಲ್ಲಿ ಒಂದು ವರ್ಷವೂ ಇಟ್ಟುಕೊಳ್ಳುತ್ತಿರಲಿಲ್ಲ.

ನಮ್ಮ ತೀರ್ಪುಗಾರರಿಗೆ ಇನ್ನೊಂದು ತೊಡಕುಂಟು; ಅದನ್ನು ಅವರು ಎಣಿಕೆಗೇ ತಂದುಕೊಳ್ಳರು. ಮಾತು ಜಪಾನಿಯಲ್ಲಿ, ಅಡಿಯಲ್ಲಿ ಓಡುವ ಸಾಲು ಇಂಗ್ಲಿಷಿನಲ್ಲಿ, ನೋಡುವವನ ಮನಸ್ಸು ಕನ್ನಡದಲ್ಲಿ. ಫ್ರೀರೆನಳ ಶಿಷ್ಯೆ ಫೆರ್ನ್ ತನ್ನ ಗುರುವನ್ನು ಕರೆಯುವಾಗಲೆಲ್ಲ ಹೆಸರಿನ ಕೊನೆಗೆ ಸಾಮಾ ಎಂದು ಸೇರಿಸುವಳು. ಎಷ್ಟು ಮುನಿದಿದ್ದರೂ, ಬೆಳಗ್ಗೆ ಏಳದ ಗುರುವನ್ನು ಹಾಸಿಗೆಯಿಂದ ಎಬ್ಬಿಸಬೇಕಾದಾಗಲೂ ಆ ಮರ್ಯಾದೆ ತಪ್ಪದು. ಗದರುವವಳು ಶಿಷ್ಯೆ, ಬಹುವಚನ ಮಾತ್ರ ಗುರುವಿಗೆ. ಆ ಮನೆತನದ ಸೊಗಸು ಅಲ್ಲಿದೆ. ನೀನು, ನೀವು ಎಂಬ ಭೇದವಿರುವ ಕನ್ನಡದಲ್ಲಿ ಅದು ಸುಲಭವಾಗಿ ಇಳಿಯುತ್ತಿತ್ತು, ಇಂಗ್ಲಿಷಿನಲ್ಲಿ ಇಳಿಯದು. ಸಂಭಾಷಣೆ ಸಪ್ಪೆ ಎಂದು ತೀರ್ಪು ಕೊಟ್ಟವರು ತಾವು ಓದಿದ್ದು ಯಾರ ಸಂಭಾಷಣೆಯೆಂದು ಒಮ್ಮೆ ಕೇಳಿಕೊಳ್ಳಲಿ. 2025ರ ಸೆಪ್ಟೆಂಬರಿನಲ್ಲಿ ಡೀಮನ್ ಸ್ಲೇಯರ್ ಕಥೆಯ ಚಲನಚಿತ್ರ ಭಾರತಕ್ಕೆ ಬಂದಾಗ ಜಪಾನಿಯ ಜತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತುಗಳಲ್ಲಿ ದೊರೆಯಿತು, ಕನ್ನಡದಲ್ಲಿ ದೊರೆಯಲಿಲ್ಲ. ಅಂಕ ಹಾಕುವುದರಲ್ಲಿ ಕಳೆಯುವ ಹೊತ್ತಿನಲ್ಲಿ ನಮ್ಮ ತರುಣರು ಒಂದು ಕಂತಿನ ಮಾತನ್ನಾದರೂ ಕನ್ನಡಕ್ಕೆ ತಂದು ನೋಡಿದರೆ, ಆ ಕೃತಿಯ ಹದ ಎಷ್ಟು ಸೂಕ್ಷ್ಮವೆಂಬುದು ಕೈಗೆ ಹತ್ತುವುದು.

ಅನಿಮೆಯ ಮೇಲೆ ಬರೆಯಲೇ ಕೂಡದೆಂದು ನಾನು ಹೇಳುತ್ತಿಲ್ಲ. ಬರೆಯಬೇಕೆಂದೇ ನನ್ನ ಕೋರಿಕೆ. ಬರೆಯುವವರು ತಾವು ಎಷ್ಟು ಕಂತು ನೋಡಿರುವೆವೆಂಬುದನ್ನು ಮೊದಲ ವಾಕ್ಯದಲ್ಲೇ ತಿಳಿಸಲಿ, ಅಂಕಗಳನ್ನು ಉಪಾಧ್ಯಾಯರಿಗೆ ಬಿಡಲಿ. ಏಪ್ರಿಲಿನಲ್ಲಿ ತೊಡಗಿದ ಸರಣಿಯ ಮೇಲಣ ಲೇಖನವನ್ನು ಜುಲೈ ತಿಂಗಳಲ್ಲಿ ಕಳುಹಿಸಿದರೂ ಆಗಬಹುದು. ಇದು ಮಾಸಪತ್ರಿಕೆ, ಇದಕ್ಕೆ ಅವಸರವಿಲ್ಲ.